ಫ್ಯಾರಡೆಯ ಪ್ರಯೋಗಮೇಜು ಮತ್ತು ಎಳೆಯರ ವಿಜ್ಞಾನ ಮನೋಭಾವ

1791ರ ಸೆಪ್ಟೆಂಬರ್ 22ರಂದು ಲಂಡನ್ನಿನ ಅಂಚಿನ ನ್ಯೂಯಿಂಗ್ಟನ್ ಬಟ್ಸ್‌ನಲ್ಲಿ ಕಮ್ಮಾರನೊಬ್ಬನ ಮಗನಾಗಿ ಜನಿಸಿದ ಮೈಕೇಲ್ ಫ್ಯಾರಡೆಗೆ ಓದು, ಬರಹ, ಸಾಮಾನ್ಯ ಲೆಕ್ಕಗಳನ್ನು ಮೀರಿದ ಶಾಲಾಶಿಕ್ಷಣ ದೊರೆಯಲಿಲ್ಲ. ಜಾರ್ಜ್ ರೀಬೋ ಎಂಬುವನ ಅಂಗಡಿಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬು ಕಲಿಯುತ್ತಿದ್ದಾಗ, ಕೈಗೆ ಬಂದ ಪುಸ್ತಕಗಳನ್ನು ಆತ ಓದತೊಡಗಿದನು. ಜೇನ್ ಮಾರ್ಸೆಟ್ ಸಂವಾದರೂಪದಲ್ಲಿ ಬರೆದ ರಸಾಯನಶಾಸ್ತ್ರ ಪುಸ್ತಕವು ಅವುಗಳಲ್ಲೊಂದು. ಅಲ್ಲಿನ ಹೇಳಿಕೆಗಳನ್ನು ಅವನು ಹಾಗೆಯೇ ಸ್ವೀಕರಿಸಲಿಲ್ಲ; ತನ್ನ ಅಲ್ಪ ಹಣಕ್ಕೆ ನಿಲುಕುವ ಸಣ್ಣ ಪ್ರಯೋಗಗಳಿಂದ ಪರೀಕ್ಷಿಸಿ, ನಿಜವೆಂದು ಕಂಡ ಮೇಲೆ ನಂಬಿದನು. ಅವನ ಮುಂದಿನ ಬೋಧನಕ್ರಮದ ಬೇರು ಇಲ್ಲಿದೆ.

1812ರಲ್ಲಿ ಗಿರಾಕಿಯೊಬ್ಬನು ಕೊಟ್ಟ ಟಿಕೆಟುಗಳಿಂದ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿದ ಫ್ಯಾರಡೆ, ಟಿಪ್ಪಣಿಗಳನ್ನು ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದನು. 1813ರ ಮಾರ್ಚಿನಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಾಲಯದಲ್ಲಿ ಸಹಾಯಕನಾದನು. 1831ರ ವಿದ್ಯುತ್ಕಾಂತೀಯ ಪ್ರೇರಣೆಯ ಶೋಧ ಮೊದಲಾದವು ಸುಪರಿಚಿತವಾದುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಎಳೆಯರಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳು ಅದೇ ಸಂಸ್ಥೆಯಲ್ಲಿ 1825ರಲ್ಲಿ ಆರಂಭವಾದವು. 1827ರಿಂದ 1860ರವರೆಗಿನ ಅವಧಿಯಲ್ಲಿ ಫ್ಯಾರಡೆ ಇಂತಹ 19 ಮಾಲೆಗಳನ್ನು ನಡೆಸಿಕೊಟ್ಟನು. ಇವುಗಳಲ್ಲಿ ಮೇಣದಬತ್ತಿಯನ್ನು ಕುರಿತ ಆರು ಉಪನ್ಯಾಸಗಳ ಮಾಲೆ ವಿಶೇಷ ಪರಿಶೀಲನೆಗೆ ಅರ್ಹವಾಗಿದೆ. ಪ್ರತಿ ಮನೆಯಲ್ಲೂ ಉರಿಯುತ್ತಿದ್ದ, ಯಾರೂ ಪ್ರಶ್ನಿಸದಿದ್ದ ವಸ್ತುವನ್ನೇ ಅವನು ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಆಗತಾನೆ ನಂದಿಸಿದ ಬತ್ತಿಯಿಂದೇಳುವ ಆವಿಗೆ ಕಿಡಿ ತಾಗಿಸಿದಾಗ ಜ್ವಾಲೆಯು ಗಾಳಿಯಲ್ಲೇ ಹರಿದು ಬತ್ತಿಗೆ ಮರಳುತ್ತದೆ. ಜ್ವಾಲೆಯ ನಡುವಿನ ಕಪ್ಪು ಭಾಗಕ್ಕೆ ಗಾಜಿನ ಕೊಳವೆಯಿಟ್ಟರೆ ಅದರ ಇನ್ನೊಂದು ತುದಿಯಲ್ಲಿ ಆ ಆವಿಯನ್ನು ಹೊತ್ತಿಸಬಹುದು. ಉರಿಯುವುದು ಘನ ಮೇಣವಲ್ಲ, ಅದರ ಆವಿ ಎಂಬ ನಿರ್ಣಯಕ್ಕೆ ಮಕ್ಕಳು ತಮ್ಮ ಕಣ್ಣಿನ ಸಾಕ್ಷ್ಯದಿಂದಲೇ ತಲುಪುತ್ತಿದ್ದರು. ತಣ್ಣನೆಯ ಪಾತ್ರೆಯನ್ನು ಜ್ವಾಲೆಯ ಮೇಲೆ ಹಿಡಿದಾಗ ನೀರಿನ ಹನಿಗಳು ಕೂಡುತ್ತಿದ್ದವು. ಕೊನೆಯಲ್ಲಿ, ಮೇಣದಬತ್ತಿಯಿಂದ ಹೊರಟ ಅನಿಲದಂತೆಯೇ ಮನುಷ್ಯನ ಉಸಿರೂ ಸುಣ್ಣದ ತಿಳಿನೀರನ್ನು ಬೆಳ್ಳಗಾಗಿಸುವುದನ್ನು ತೋರಿಸಿ, ದಹನಕ್ಕೂ ಉಸಿರಾಟಕ್ಕೂ ಇರುವ ಸಾಮ್ಯವನ್ನು ಸ್ಥಾಪಿಸುತ್ತಿದ್ದನು.

ಇಲ್ಲೊಂದು ತೊಡಕಿದೆ. ಬಾಲಕ ಫ್ಯಾರಡೆ ಸ್ವತಃ ಪ್ರಯೋಗ ಮಾಡಿ ಕಲಿತವನು. ಅವನ ಶ್ರೋತೃಗಳಾದರೋ ಬಹುಪಾಲು ನೋಡಿ ಕಲಿತವರು. ಶುಲ್ಕ ತೆತ್ತು ಬರುತ್ತಿದ್ದ ಈ ಮಕ್ಕಳು ಅನುಕೂಲಸ್ಥ ಮನೆತನಗಳವರೇ ಹೆಚ್ಚು. ರಟ್ಟು ಕಟ್ಟುವ ಅಂಗಡಿಯ ಹುಡುಗನಿಗೆ ಅಲ್ಲಿ ಸ್ಥಾನ ಸಿಗುವುದು ಸುಲಭವಿರಲಿಲ್ಲ. ಮೊದಲ ಕೊರತೆಯ ಅರಿವು ಫ್ಯಾರಡೆಗೆ ಇದ್ದಿತೆನ್ನಬಹುದು. ಮನೆಯಲ್ಲೇ ಮಾಡಬಹುದಾದ ಪ್ರಯೋಗಗಳನ್ನು ತಾವೇ ಮಾಡಿನೋಡುವಂತೆ ಅವನು ಮಕ್ಕಳನ್ನು ಪ್ರೇರೇಪಿಸುತ್ತಿದ್ದನು.

ಇಂತಹ ಶಿಕ್ಷಣದ ಅಗತ್ಯವು ಅವನಿಗೆ ತೀವ್ರವಾಗಿ ಮನವರಿಕೆಯಾದದ್ದು 1853ರಲ್ಲಿ. ಸುತ್ತ ಕುಳಿತವರು ಕೈಯಿಟ್ಟೊಡನೆ ಮೇಜು ತಾನಾಗಿ ಚಲಿಸುವುದೆಂಬ ನಂಬಿಕೆ ಆಗ ವಿದ್ಯಾವಂತರಲ್ಲೂ ಹಬ್ಬಿತ್ತು. ಮೇಜಿನ ಮೇಲೆ ಮೆದು ಅಂಟಿನಿಂದ ಜೋಡಿಸಿದ ರಟ್ಟಿನ ಪದರಗಳನ್ನಿರಿಸಿ, ಮೇಜಿಗಿಂತ ಮೊದಲು ಕೈಗಳೇ ಸರಿಯುತ್ತವೆಂದು ಫ್ಯಾರಡೆ ಸಿದ್ಧಪಡಿಸಿದನು. ಕೈಯ ಒತ್ತಡವನ್ನು ತೋರಿಸುವ ಸೂಚಕಕಡ್ಡಿಯನ್ನು ಕುಳಿತವರ ಕಣ್ಣೆದುರು ನಿಲ್ಲಿಸಿದಾಗ ಮೇಜಿನ ಚಲನೆ ನಿಂತುಹೋಯಿತು. ಅವರು ವಂಚಕರಾಗಿರಲಿಲ್ಲ, ತಮ್ಮ ಗ್ರಹಿಕೆಯನ್ನೇ ಪರೀಕ್ಷಿಸುವ ಅಭ್ಯಾಸ ಅವರಿಗಿರಲಿಲ್ಲ. ಮರುವರ್ಷದ ಉಪನ್ಯಾಸದಲ್ಲಿ ಅವನು ಈ ವಿವೇಚನಾಶಕ್ತಿಯ ಶಿಕ್ಷಣವನ್ನೇ ವಿಷಯವಾಗಿಸಿಕೊಂಡನು.

1862ರಲ್ಲಿ, ಈಟನ್, ಹ್ಯಾರೋ ಮೊದಲಾದ ಒಂಬತ್ತು ಪ್ರತಿಷ್ಠಿತ ಶಾಲೆಗಳ ವಿಚಾರಣೆಗೆ ನೇಮಕವಾಗಿದ್ದ ಕ್ಲಾರೆಂಡನ್ ಆಯೋಗದ ಮುಂದೆ ಫ್ಯಾರಡೆ ಸಾಕ್ಷ್ಯ ನುಡಿದನು. ಸರಳವಾಗಿ ವಿವರಿಸಿದರೆ ಪ್ರಯೋಗದ ತಿರುಳನ್ನು ಗ್ರಹಿಸಲಾರದ ಹುಡುಗನನ್ನು ತಾನು ಕಂಡಿಲ್ಲವೆಂದೂ, ಅದೇ ಪ್ರಶ್ನೆಗಳನ್ನು ಹೊತ್ತು ಮತ್ತೆ ಮತ್ತೆ ಬರುವವರು ಬೆಳೆದವರೇ ಎಂದೂ ತಿಳಿಸಿದನು. 1864ರ ವರದಿಯು ಆ ಶಾಲೆಗಳಲ್ಲಿ ನಿಸರ್ಗವಿಜ್ಞಾನದ ಬೋಧನೆಯನ್ನು ಶಿಫಾರಸು ಮಾಡಿತಾದರೂ ಲ್ಯಾಟಿನ್, ಗ್ರೀಕ್ ಭಾಷೆಗಳ ಪ್ರಾಧಾನ್ಯವನ್ನು ಕದಲಿಸಲಿಲ್ಲ. ಫ್ಯಾರಡೆ 1867ರ ಆಗಸ್ಟ್ 25ರಂದು ಹ್ಯಾಂಪ್ಟನ್ ಕೋರ್ಟಿನಲ್ಲಿ ನಿಧನನಾದನು. ಮೇಣದಬತ್ತಿಯ ಉಪನ್ಯಾಸಗಳು ಅದಾಗಲೇ, 1861ರಲ್ಲಿ, ವಿಲಿಯಂ ಕ್ರೂಕ್ಸನ ಸಂಪಾದಕತ್ವದಲ್ಲಿ ಪುಸ್ತಕವಾಗಿ ಹೊರಬಂದಿದ್ದವು.