ಅಂಧರ ಕೈಗೆ ಕಸುಬು ಕೊಟ್ಟ ಗಾನಯೋಗಿ ಪಂಚಾಕ್ಷರ ಗವಾಯಿಗಳು



ಜೂನ್ ತಿಂಗಳು ಬಂತೆಂದರೆ ಸೌದಿ ಅರೇಬಿಯಾದಲ್ಲಿರುವ ನಮಗೆಲ್ಲ ಊರಿನ ಗುಂಗು. ವಿಮಾನದ ಟಿಕೆಟ್ಟು, ಎಕ್ಸಿಟ್ ರೀ-ಎಂಟ್ರಿ ವೀಸಾ, ಬಂಧುಬಳಗಕ್ಕೆ ಒಯ್ಯುವ ಖರ್ಜೂರದ ಡಬ್ಬಿಗಳು... ಈ ಗಡಿಬಿಡಿಯ ನಡುವೆ ಒಬ್ಬ ಹಿರಿಯರನ್ನು ನೆನೆಯೋಣ. 1944ರ ಜೂನ್ 11ರಂದು ನಮ್ಮನ್ನಗಲಿದ ಗಾನಯೋಗಿ ಪಂಚಾಕ್ಷರ ಗವಾಯಿಗಳ ಹೆಸರನ್ನು ಉತ್ತರ ಕರ್ನಾಟಕದ ಬಂಧುಗಳಿಗೆ ಪರಿಚಯಿಸಬೇಕಿಲ್ಲ. ಆದರೆ ಇಲ್ಲೇ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಅವರ ಕಥೆ ತಿಳಿಯಬೇಕು.

ಗವಾಯಿಗಳು ಹುಟ್ಟಿದ್ದು 1892ರ ಫೆಬ್ರವರಿ 2ರಂದು, ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಮೊದಲ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ಕಣ್ಣಿಲ್ಲ, ಅಣ್ಣ ಗುರುಬಸಯ್ಯನಿಗೂ ದೃಷ್ಟಿ ಇರಲಿಲ್ಲ. ಇಂದು ಅಂಗವಿಕಲರಿಗೆ ಸರ್ಕಾರದ ಮಾಸಾಶನ ಇದೆ, ಬಸ್ ಪಾಸ್ ಇದೆ, ನೌಕರಿಯಲ್ಲಿ ಮೀಸಲಾತಿ ಇದೆ. ಆ ಕಾಲದಲ್ಲಿ ಇದಾವುದೂ ಇರಲಿಲ್ಲ. ಬಡವರ ಮನೆಯ ಕುರುಡು ಮಗುವಿಗೆ ಎರಡೇ ದಾರಿ: ಮನೆಯವರ ಕರುಣೆ, ಇಲ್ಲವೇ ಸಂತೆ-ಜಾತ್ರೆಗಳಲ್ಲಿ ಭಿಕ್ಷೆ.

ಅಣ್ಣತಮ್ಮಂದಿರ ಇಂಪಾದ ಕಂಠ ಹಾನಗಲ್ಲ ಕುಮಾರಸ್ವಾಮಿಗಳ ಕಿವಿಗೆ ಬಿತ್ತು. 1909ರಲ್ಲಿ ಬಾದಾಮಿ ಸಮೀಪ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಮಹನೀಯರು ಅವರು. ಅವರು ಹುಡುಗರಿಗೆ ಊಟ, ಬಟ್ಟೆಯಷ್ಟನ್ನೇ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಗುರುಗಳನ್ನು ಹುಡುಕಿ ವಿದ್ಯೆ ಕೊಡಿಸಿದರು. ಗದಿಗೆಯ್ಯ ಮುಂದೆ ಪಂಚಾಕ್ಷರಿಯಾಗಿ ಕರ್ನಾಟಕ ಸಂಗೀತ, ಹಿಂದುಸ್ತಾನಿ ಸಂಗೀತ ಎರಡರಲ್ಲೂ ಪ್ರಭುತ್ವ ಪಡೆದರು. ಹಿಂದುಸ್ತಾನಿಯಲ್ಲಿ ಅವರ ಗುರುಗಳು ಮಿರಜಿನ ನೀಲಕಂಠ ಬುವಾ ಮತ್ತು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನ್. ಈ ಉಸ್ತಾದರಿಗೆ ಕಿವಿ ಮಂದ! ಕಿವಿ ಮಂದವಾದ ಗುರು, ಕಣ್ಣಿಲ್ಲದ ಶಿಷ್ಯ. ಒಬ್ಬರು ಮುಸ್ಲಿಂ ಉಸ್ತಾದ್, ಇನ್ನೊಬ್ಬರು ಲಿಂಗಾಯತ ಮಠದ ಆಶ್ರಯದಲ್ಲಿ ಬೆಳೆದವರು. ಎಲ್ಲ ಮತದವರೂ ಒಂದೇ ಸೂರಿನಡಿ ಸೇರುವ ನಮ್ಮ ಸೌದಿಯ ಕನ್ನಡ ಕುಟುಂಬಗಳಿಗೆ ಈ ಸಂಗತಿ ಹೆಚ್ಚು ಹತ್ತಿರವೆನಿಸುತ್ತದೆ.

ಕಲಿತ ವಿದ್ಯೆಯಿಂದ ಗವಾಯಿಗಳು ತಾವೊಬ್ಬರೇ ಹೆಸರು, ಹಣ ಗಳಿಸಿ ಸುಖವಾಗಿರಬಹುದಿತ್ತು. ಅವರು ಹಾಗೆ ಮಾಡದೆ 1914ರ ಸುಮಾರಿಗೆ ಸಂಚಾರಿ ಸಂಗೀತ ಪಾಠಶಾಲೆಯನ್ನು ಆರಂಭಿಸಿದರು. ಗುರು-ಶಿಷ್ಯರು ಊರಿಂದೂರಿಗೆ ಹೋಗುವುದು, ಅಲ್ಲಿ ಕಚೇರಿ, ಕೀರ್ತನೆ ನಡೆಸುವುದು, ಬಂದ ಕಾಣಿಕೆಯಲ್ಲಿ ಎಲ್ಲರ ಊಟ, ಪಾಠ ಸಾಗಿಸುವುದು. ಮುಂದೆ ನಾಟಕ ಕಂಪನಿಯನ್ನೂ ಕಟ್ಟಿದರು. ಗದಗಿನ ದಾನಿಗಳ ನೆರವಿನಿಂದ ಕಡೆಗೆ ಪಾಠಶಾಲೆ ಅಲ್ಲಿ ನೆಲೆಯೂರಿತು. ಅದೇ ಇಂದಿನ ವೀರೇಶ್ವರ ಪುಣ್ಯಾಶ್ರಮ.

ಪುಣ್ಯಾಶ್ರಮದ ಕ್ರಮವನ್ನು ನೋಡಿದರೆ, ಇಂದು ನಾವು ಉದ್ಯೋಗ ತರಬೇತಿ, ಪುನರ್ವಸತಿ ಎಂದು ಕರೆಯುವುದೆಲ್ಲ ಅದರಲ್ಲಿದೆ. ಕಂಠ ಚೆನ್ನಾಗಿದ್ದವನಿಗೆ ಗಾಯನ, ಬೆರಳು ಚುರುಕಾಗಿದ್ದವನಿಗೆ ತಬಲಾ, ಹಾರ್ಮೋನಿಯಂ ಅಥವಾ ಪಿಟೀಲು, ಮಾತು ಬಲ್ಲವನಿಗೆ ಕೀರ್ತನೆ. ಪಾಠವೆಲ್ಲ ಕಿವಿಯಿಂದ ಕಿವಿಗೆ. ಕಣ್ಣಿದ್ದವರೂ ಇಲ್ಲದವರೂ ಜೊತೆಯಲ್ಲೇ ಕಲಿತರು. ಹಿಂದುಸ್ತಾನಿ ಗಾಯಕ ಬಸವರಾಜ ರಾಜಗುರು ಅವರು ದೃಷ್ಟಿಯುಳ್ಳ ಶಿಷ್ಯರು. ಎಳವೆಯಲ್ಲೇ ಕಣ್ಣು ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಇನ್ನೊಬ್ಬ ಶಿಷ್ಯರು. ಇಬ್ಬರಿಗೂ ಪದ್ಮಭೂಷಣ ಸಂದಿತು. ಹೀಗೆ ಖ್ಯಾತರಾಗದೆ, ಸಂಗೀತ ಶಿಕ್ಷಕರಾಗಿ, ವಾದ್ಯಗಾರರಾಗಿ, ಕೀರ್ತನಕಾರರಾಗಿ ತಮ್ಮ ಸಂಸಾರ ಸಾಕಿದವರು ಎಷ್ಟೋ ಮಂದಿ. ನಮ್ಮ ದೃಷ್ಟಿಯಲ್ಲಿ ಗವಾಯಿಗಳ ದೊಡ್ಡ ಸಾಧನೆ ಇದೇ.

1944ರಲ್ಲಿ ಗವಾಯಿಗಳು ಲಿಂಗೈಕ್ಯರಾದಾಗ ಅವರಿಗೆ 52 ವರ್ಷ. ಆಶ್ರಮದ ಹೊಣೆ ಹೊತ್ತ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ನಡೆಸಿದರು. 1995ರಲ್ಲಿ ಗುರುಗಳ ಜೀವನ ಚಲನಚಿತ್ರವಾಯಿತು. ಅದರ ಸಂಗೀತಕ್ಕೆ ಹಂಸಲೇಖ ಅವರಿಗೂ ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂದಿತು.

ಇನ್ನು ನಮ್ಮ ಇಂದಿನ ಮಾತು. ನಾವಿರುವ ಈ ದೇಶದ 2005ರ ಕಾರ್ಮಿಕ ಕಾನೂನು, 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಕೆಲಸದ ಸ್ವರೂಪಕ್ಕೆ ಹೊಂದುವಂತಿದ್ದರೆ ನೂರಕ್ಕೆ 4ರಷ್ಟು ಅಂಗವಿಕಲರನ್ನು ನೇಮಿಸಿಕೊಳ್ಳಬೇಕು ಎನ್ನುತ್ತದೆ. ಭಾರತದಲ್ಲಿ 1995ರ ಕಾಯ್ದೆ ಸರ್ಕಾರಿ ನೌಕರಿಯಲ್ಲಿ ಶೇ. 3 ಮೀಸಲಿಟ್ಟಿತ್ತು, 2016ರ ಕಾಯ್ದೆ ಅದನ್ನು ಶೇ. 4ಕ್ಕೆ ಏರಿಸಿತು. ಕಾನೂನು ಬಾಗಿಲು ತೆರೆಯಬಹುದು, ಆದರೆ ಒಳಗೆ ಕರೆಯಬೇಕಾದವರು ನಮ್ಮಂಥವರೇ. ತಂತ್ರಾಂಶ ಬರೆಯುವವರಾದ ನಾವೂ ಇಲ್ಲಿ ಎಡವಿದ್ದೇವೆ. ಕೆಲವು ವರ್ಷಗಳ ಹಿಂದೆ ನಮ್ಮ ತಂಡ ಉದ್ಯೋಗದ ಅರ್ಜಿ ತುಂಬುವ ಪುಟವೊಂದನ್ನು ಸಿದ್ಧಪಡಿಸಿತ್ತು. ಅಂಧ ಯುವಕನೊಬ್ಬ ಸ್ಕ್ರೀನ್ ರೀಡರ್ ಹಿಡಿದು ಕುಳಿತರೆ, ಪ್ರತಿ ಗುಂಡಿಗೂ ಅದು ಬರೀ ಬಟನ್, ಬಟನ್ ಎಂದಿತು. ಯಾವುದು ಕಳುಹಿಸುವ ಬಟನ್, ಯಾವುದು ಅಳಿಸುವ ಬಟನ್ ಎಂದು ಅವನಿಗೆ ತಿಳಿಯಲೇ ಇಲ್ಲ. ನಾವು ಗುಂಡಿಗಳಿಗೆ ಹೆಸರು ಬರೆದಿರಲಿಲ್ಲ! ಸರಿಪಡಿಸಲು ಒಂದು ಮಧ್ಯಾಹ್ನ ಸಾಕಾಯಿತು. ಅಷ್ಟರಲ್ಲಿ ಅರ್ಜಿಯ ಅವಧಿ ಮುಗಿದಿತ್ತು. ಆ ನಾಚಿಕೆ ಇಂದಿಗೂ ಇದೆ.

ನಮ್ಮಲ್ಲಿ ಅನೇಕರ ಮನೆಯಲ್ಲೋ ಬಂಧುಬಳಗದಲ್ಲೋ ಇಂಥ ಒಂದು ಮಗು ಇದೆ. ತಿಂಗಳು ತಿಂಗಳು ರಿಯಾಲು ಕಳುಹಿಸುತ್ತೇವೆ. ಅದು ಬೇಕು ಕೂಡ. ಆದರೆ ಆ ಮಗುವಿಗೆ ಯಾವ ಕೆಲಸ ಒಲಿಯುತ್ತದೆ ಎಂದು ಒಮ್ಮೆಯಾದರೂ ಕೇಳಿದ್ದೇವೆಯೇ? ಈ ರಜೆಯಲ್ಲಿ ಕೇಳೋಣ. ಸಾಧ್ಯವಾದರೆ ಹುಬ್ಬಳ್ಳಿಯಿಂದ ಹತ್ತಿರದಲ್ಲೇ ಇರುವ ಗದಗಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ಪುಣ್ಯಾಶ್ರಮದಲ್ಲಿ ಅರ್ಧ ಗಂಟೆ ಕುಳಿತು ಬರೋಣ. ಅಲ್ಲಿ ಅಭ್ಯಾಸ ಮಾಡುವ ಹುಡುಗರ ದನಿ ಕೇಳಿದರೆ, ನಾವಿಲ್ಲಿ ಬರೆದುದಕ್ಕಿಂತ ಹೆಚ್ಚು ಅವರಿಗೆ ತಿಳಿಯುತ್ತದೆ.

ಎಲ್ಲರಿಗೂ ಸುಖಪ್ರಯಾಣ.