ಮಕ್ಕಳ ಮನೋವೈದ್ಯ ಡಾ. ಜಾನ್ ಬೋಲ್ಬಿ

ಹಸಿದವರಿಗೆ ಅನ್ನ, ಅರಿಯದವರಿಗೆ ಅಕ್ಷರ. ಇವೆರಡನ್ನು ನೀಡುವುದೇ ಶ್ರೇಷ್ಠ ದಾಸೋಹವೆಂದು ಬಗೆದು ನಮ್ಮ ನಾಡಿನ ಮಠಗಳು ಶಾಲೆಗಳನ್ನೂ ಪ್ರಸಾದನಿಲಯಗಳನ್ನೂ ತೆರೆದವು. ಮನೆಯಿಂದ ದೂರವಾಗಿ ಬಂದ ಸಹಸ್ರಾರು ಬಡ ಮಕ್ಕಳು ಅಲ್ಲಿ ಉಂಡು, ಓದಿ, ಬಾಳಿನಲ್ಲಿ ನೆಲೆ ಕಂಡಿದ್ದಾರೆ. ಆದರೆ ಬೆಳೆಯುವ ಮಗುವಿಗೆ ಅನ್ನಾಕ್ಷರಗಳಷ್ಟೇ ಅವಶ್ಯವಾದ ಮೂರನೆಯದೊಂದಿದೆ. ಅದು, ತನ್ನವರೆಂದು ನಂಬಬಹುದಾದ ಒಬ್ಬರ ಸ್ಥಿರವಾದ ಮಮತೆ. ತಾಯಂದಿರು ಇದನ್ನು ಎಂದಿನಿಂದಲೂ ಬಲ್ಲರು. ವೈದ್ಯಶಾಸ್ತ್ರ ಮಾತ್ರ ಇದನ್ನು ಬಹುಕಾಲ ಅಲಕ್ಷಿಸಿತ್ತು. ಆ ಶಾಸ್ತ್ರದ ಕಣ್ಣು ತೆರೆಸಲು ಅರ್ಧ ಶತಮಾನ ದುಡಿದ ಮಹನೀಯರು ಇಂಗ್ಲೆಂಡಿನ ಮನೋವೈದ್ಯ ಡಾ. ಜಾನ್ ಬೋಲ್ಬಿಯವರು. ಮಕ್ಕಳನ್ನು ಮನೆಯಿಂದ ದೂರವಿರಿಸಿ ಸಲಹುವ ಹೊಣೆ ಹೊತ್ತ ನಮ್ಮಂತಹ ಸಂಸ್ಥೆಗಳಿಗೆ ಅವರ ಜೀವನವು ಹಿತವಾದ ಮಾತುಗಳೊಡನೆ ಕೆಲವು ಕಟುವಾದ ಮಾತುಗಳನ್ನೂ ಹೇಳುತ್ತದೆ. ಆದಕಾರಣ ಅದು ನಮ್ಮೆಲ್ಲರ ಪರಿಶೀಲನೆಗೆ ಯೋಗ್ಯವಾಗಿದೆ.

ಬೋಲ್ಬಿಯವರು 1907ರ ಫೆಬ್ರವರಿ 26ರಂದು ಲಂಡನ್ ನಗರದಲ್ಲಿ ಜನಿಸಿದರು. ತಂದೆ ಸರ್ ಆಂಟನಿ ಬೋಲ್ಬಿಯವರು ರಾಜಮನೆತನದ ಸೇವೆಯಲ್ಲಿದ್ದ ಹೆಸರಾಂತ ಶಸ್ತ್ರವೈದ್ಯರು. ಮನೆಯಲ್ಲಿ ಸಿರಿಸಂಪತ್ತಿಗೆ ಕೊರತೆಯಿರಲಿಲ್ಲ. ಆದರೆ ಮಕ್ಕಳನ್ನು ಅತಿಯಾಗಿ ಮುದ್ದಿಸಿದರೆ ಕೆಡುತ್ತಾರೆಂಬುದು ಅಂದಿನ ಇಂಗ್ಲೆಂಡಿನ ಶ್ರೀಮಂತ ಕುಲಗಳ ನಂಬಿಕೆ. ಆರು ಮಕ್ಕಳಲ್ಲಿ ನಾಲ್ಕನೆಯವರಾದ ಜಾನ್‌ರಿಗೆ ತಾಯಿಯ ದರ್ಶನ ದೊರೆಯುತ್ತಿದ್ದುದು ದಿನಕ್ಕೆ ಸುಮಾರು ಒಂದು ಗಂಟೆ ಮಾತ್ರ. ಎತ್ತಿ ಆಡಿಸಿ ಬೆಳೆಸಿದವಳು ಮಿನ್ನಿ ಎಂಬ ದಾದಿ. ಬಾಲಕನಿಗೆ ಸುಮಾರು ನಾಲ್ಕು ವರ್ಷವಾದಾಗ ಆಕೆಯೂ ಕೆಲಸ ಬಿಟ್ಟು ಹೊರಟುಹೋದಳು. ಆ ಅಗಲಿಕೆಯ ನೋವನ್ನು ಬೋಲ್ಬಿಯವರು ಮುಪ್ಪಿನವರೆಗೂ ಮರೆಯಲಿಲ್ಲ. ಮುಂದೆ ವಸತಿ ಶಾಲೆ, ಅನಂತರ ಡಾರ್ಟ್‌ಮತ್‌ನ ನೌಕಾ ವಿದ್ಯಾಲಯ. ಹೀಗೆ ಬಾಲ್ಯದ ಬಹುಭಾಗ ಮನೆಯ ಹೊರಗೇ ಕಳೆಯಿತು.

ನೌಕಾಪಡೆಯ ಬದುಕು ಹಿಡಿಸದೆ ಅವರು ಕೇಂಬ್ರಿಜ್ ವಿಶ್ವವಿದ್ಯಾಲಯದ ಟ್ರಿನಿಟಿ ಕಾಲೇಜನ್ನು ಸೇರಿ, 1928ರಲ್ಲಿ ಪದವಿ ಪಡೆದರು. ನೇರವಾಗಿ ವೈದ್ಯಕೀಯ ವ್ಯಾಸಂಗವನ್ನು ಮುಂದುವರಿಸುವ ಬದಲು, ಹೊಂದಿಕೊಳ್ಳಲಾಗದ ಮಕ್ಕಳಿಗಾಗಿ ನಡೆಯುತ್ತಿದ್ದ ಶಾಲೆಯೊಂದರಲ್ಲಿ ಕೆಲವು ಕಾಲ ಸೇವೆ ಸಲ್ಲಿಸಿದರು. ಅವರ ಬಾಳಿನ ಗುರಿ ನಿಶ್ಚಯವಾದುದು ಅಲ್ಲಿ ಕಂಡ ಇಬ್ಬರು ಹುಡುಗರಿಂದ. ಒಬ್ಬನು ಹದಿಹರೆಯದವನು, ಕಳ್ಳತನಕ್ಕಾಗಿ ಹಿಂದಿನ ಶಾಲೆಯಿಂದ ಹೊರಹಾಕಲ್ಪಟ್ಟವನು, ಯಾರೊಡನೆಯೂ ಬೆರೆಯದೆ ಒಂಟಿಯಾಗಿರುತ್ತಿದ್ದವನು. ಸ್ಥಿರವಾಗಿ ತಾಯ್ತನ ತೋರಿದವರು ಅವನ ಬಾಳಿನಲ್ಲಿ ಯಾರೂ ಇರಲಿಲ್ಲ. ಇನ್ನೊಬ್ಬನು ಏಳೆಂಟು ವರ್ಷದ ಬಾಲಕ. ಸದಾ ಅಂಜುತ್ತ ಬೋಲ್ಬಿಯವರ ಹಿಂದೆಯೇ ಸುತ್ತುತ್ತಿದ್ದುದರಿಂದ ಎಲ್ಲರೂ ಅವನನ್ನು ಅವರ ನೆರಳೆಂದೇ ಕರೆಯುತ್ತಿದ್ದರು. ಒಬ್ಬನು ಯಾರನ್ನೂ ಹತ್ತಿರ ಸೇರಿಸನು, ಇನ್ನೊಬ್ಬನು ಹತ್ತಿರದವರನ್ನು ಬಿಡಲೊಲ್ಲನು. ಇವೆರಡಕ್ಕೂ ಮೂಲ ಒಂದೇ ಇರಬಹುದೆ ಎಂಬ ಪ್ರಶ್ನೆ ಆ ತರುಣ ಉಪಾಧ್ಯಾಯನ ಮನಸ್ಸಿನಲ್ಲಿ ನೆಲೆಯೂರಿತು. ಮಕ್ಕಳ ಮನೋವೈದ್ಯನಾಗಬೇಕೆಂದು ಅವರು ನಿರ್ಧರಿಸಿದರು.

1933ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ವೈದ್ಯಕೀಯ ಪದವಿ ಪಡೆದು, ಮಾಡ್‌ಸ್ಲಿ ಆಸ್ಪತ್ರೆಯಲ್ಲಿ ಮನೋವೈದ್ಯ ಶಿಕ್ಷಣವನ್ನೂ, ಜೊತೆಜೊತೆಗೆ ಮನೋವಿಶ್ಲೇಷಣೆಯ ತರಬೇತಿಯನ್ನೂ ಮುಗಿಸಿದರು. ಅಂದಿನ ಮನೋವಿಶ್ಲೇಷಕರಲ್ಲಿ ಅನೇಕರು ಮಗುವಿನ ವ್ಯಥೆಗೆ ಅದರ ಅಂತರಂಗದ ಕಲ್ಪನೆಗಳೇ ಕಾರಣವೆನ್ನುತ್ತಿದ್ದರು. ಮನೆಯಲ್ಲಿ ನಿಜವಾಗಿ ನಡೆದುದೇನೆಂಬುದು ಅವರಿಗೆ ಗೌಣವಾಗಿತ್ತು. ಸುಪ್ರಸಿದ್ಧ ವಿದುಷಿ ಮೆಲಾನಿ ಕ್ಲೈನ್ ಅವರ ಮೇಲ್ವಿಚಾರಣೆಯಲ್ಲಿ ಬೋಲ್ಬಿಯವರು ಮೂರು ವರ್ಷದ ಚಂಚಲ ಬಾಲಕನೊಬ್ಬನಿಗೆ ಚಿಕಿತ್ಸೆ ನೀಡುತ್ತಿದ್ದಾಗ, ಅವನ ತಾಯಿಯೊಡನೆ ಮಾತನಾಡಕೂಡದೆಂಬ ಆಜ್ಞೆಯಾಯಿತು. ಆ ತಾಯಿಯಾದರೋ ತಾನೇ ತೀವ್ರ ಸಂಕಟದಲ್ಲಿದ್ದವಳು. ಕೆಲವು ತಿಂಗಳಲ್ಲಿ ಆಕೆಯನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ತಾಯಿಯ ಕಣ್ಣೀರನ್ನು ಕಾಣದೆ ಮಗುವಿಗೆ ಮದ್ದು ಕೊಡುವ ವಿಧಾನದಿಂದ ಬೋಲ್ಬಿಯವರ ಮನಸ್ಸು ಅಂದೇ ದೂರ ಸರಿಯಿತು.

1936ರಿಂದ ಅವರು ಲಂಡನ್ನಿನ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯದಲ್ಲಿ ಕೆಲಸ ಮಾಡಿದರು. ಕಳ್ಳತನದ ಚಾಳಿಗೆ ಬಿದ್ದಿದ್ದ 44 ಮಕ್ಕಳನ್ನು, ಅದೇ ಚಿಕಿತ್ಸಾಲಯಕ್ಕೆ ಬರುತ್ತಿದ್ದ, ಆದರೆ ಕದಿಯದ ಇತರ 44 ಮಕ್ಕಳೊಡನೆ ಹೋಲಿಸಿ ಅವರು ನಡೆಸಿದ ಅಧ್ಯಯನವು 1944ರಲ್ಲಿ ಪ್ರಕಟವಾಯಿತು. ಕದಿಯುತ್ತಿದ್ದ ಮಕ್ಕಳಲ್ಲಿ 14 ಮಂದಿ ಯಾರ ಮೇಲೂ ಪ್ರೀತಿಯಿಲ್ಲದ, ನಾಚಿಕೆಯನ್ನೂ ಅರಿಯದ ಸ್ವಭಾವದವರಾಗಿದ್ದರು. ಅವರಲ್ಲಿ 12 ಮಂದಿ ಎಳವೆಯಲ್ಲಿ ತಾಯಿಯಿಂದ ದೀರ್ಘಕಾಲ ಅಗಲಿದ್ದವರು. ಕದಿಯದ 44 ಮಕ್ಕಳಲ್ಲಿ ಅಂತಹ ಅಗಲಿಕೆಗೆ ತುತ್ತಾದವರು ಇಬ್ಬರು ಮಾತ್ರ. ಎಣಿಕೆ ಚಿಕ್ಕದು, ಅಧ್ಯಯನದಲ್ಲಿ ಕೊರತೆಗಳೂ ಇದ್ದವು. ಆದರೂ ಕದಿಯುವ ಹುಡುಗನನ್ನು ಬೆತ್ತದಿಂದ ವಿಚಾರಿಸುವ ಮೊದಲು ಅವನ ಬಾಲ್ಯವನ್ನು ವಿಚಾರಿಸಬೇಕೆಂಬ ಪಾಠವನ್ನು ಅದು ಲೋಕಕ್ಕೆ ಕಲಿಸಿತು.

ಇಷ್ಟರಲ್ಲಿ ಎರಡನೆಯ ಮಹಾಯುದ್ಧವು ಆರಂಭವಾಗಿತ್ತು. 1939ರ ಸೆಪ್ಟೆಂಬರಿನಲ್ಲಿ ಬಾಂಬಿನ ಭೀತಿಯಿಂದ ಬ್ರಿಟನ್ನಿನ ನಗರಗಳ ಮಕ್ಕಳನ್ನು ಹಳ್ಳಿಗಳಿಗೆ ಸಾಗಿಸಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬೋಲ್ಬಿ, ಎಮಾನ್ಯುಯೆಲ್ ಮಿಲ್ಲರ್ ಮತ್ತು ಡೊನಾಲ್ಡ್ ವಿನಿಕಾಟ್ ಈ ಮೂವರು ವೈದ್ಯರು ಬ್ರಿಟಿಷ್ ವೈದ್ಯಕೀಯ ಪತ್ರಿಕೆಗೆ ಪತ್ರ ಬರೆದು, ಐದು ವರ್ಷದೊಳಗಿನ ಶಿಶುಗಳನ್ನು ತಾಯಿಯಿಲ್ಲದೆ ಕಳುಹಿಸಿದರೆ ಅವರ ಮನಸ್ಸಿಗೆ ಗಂಭೀರವಾದ ಹಾನಿಯಾಗಬಹುದೆಂದು ಎಚ್ಚರಿಸಿದರು. ದೇಹದ ರಕ್ಷಣೆಯ ಆತುರದಲ್ಲಿ ಮನಸ್ಸಿನ ಗಾಯವನ್ನು ಮರೆಯಬಾರದೆಂಬುದು ಅವರ ಇಂಗಿತವಾಗಿತ್ತು.

ಯುದ್ಧಕಾಲದಲ್ಲಿ ಸೇನೆಯ ವೈದ್ಯ ವಿಭಾಗದಲ್ಲಿ ದುಡಿದ ಬೋಲ್ಬಿಯವರು, 1946ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಚಿಕಿತ್ಸಾಲಯದ ಮಕ್ಕಳ ವಿಭಾಗದ ಮುಖ್ಯಸ್ಥರಾದರು. ಅದಕ್ಕೆ ಅವರು ಇಟ್ಟ ಹೆಸರು ಮಕ್ಕಳ ಮತ್ತು ತಂದೆತಾಯಿಗಳ ವಿಭಾಗವೆಂದು. ಹೆಸರಿನಲ್ಲೇ ಅವರ ತತ್ತ್ವವಿತ್ತು. ಹಟಮಾರಿ ಹುಡುಗನನ್ನು ಒಬ್ಬನನ್ನೇ ಕೂರಿಸಿ ತಿದ್ದುವುದರ ಜೊತೆಗೆ, ತಂದೆತಾಯಿ ಮಕ್ಕಳನ್ನು ಒಟ್ಟಿಗೆ ಕೂರಿಸಿ ಮಾತನಾಡಿಸುವ ಪದ್ಧತಿಯನ್ನು ಅವರು 1949ರ ಲೇಖನವೊಂದರಲ್ಲಿ ವಿವರಿಸಿದರು. ಇಂದು ಕುಟುಂಬ ಚಿಕಿತ್ಸೆಯೆಂದು ಹೆಸರಾಗಿರುವ ಪದ್ಧತಿಯ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು.

ಆ ದಿನಗಳಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮಲಗಿದ ಮಗುವನ್ನು ತಂದೆತಾಯಿಗಳು ಮನಬಂದಾಗ ಕಾಣುವಂತಿರಲಿಲ್ಲ. ಹಲವೆಡೆ ವಾರಕ್ಕೊಮ್ಮೆ ಸ್ವಲ್ಪ ಹೊತ್ತು ಮಾತ್ರ ಅವಕಾಶ. ತಾಯಿ ಬಂದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ. ಆದ್ದರಿಂದ ಬಾರದಿರುವುದೇ ಕ್ಷೇಮ ಎಂಬುದು ಅಲ್ಲಿನವರ ವಾದ. ಬೋಲ್ಬಿಯವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ ಅವರು ಆ ಮೌನದ ಅರ್ಥವನ್ನು ಅರಸಿದರು. ಅಗಲಿದ ಮಗು ಮೊದಲು ಗೋಳಾಡಿ ಪ್ರತಿಭಟಿಸುತ್ತದೆ. ಅನಂತರ ಆಸೆ ಬತ್ತಿ ಮಂಕಾಗುತ್ತದೆ. ಕೊನೆಗೆ ಎಲ್ಲರೊಡನೆ ನಗುನಗುತ್ತ ಹೊಂದಿಕೊಂಡಂತೆ ಕಾಣುತ್ತದೆ. ತಾಯಿ ಬಂದಾಗ ಮಾತ್ರ ಮುಖ ತಿರುಗಿಸುತ್ತದೆ. ಶುಶ್ರೂಷಕಿಯರು ಸಮಾಧಾನವೆಂದು ತಿಳಿದಿದ್ದುದು ವಾಸ್ತವದಲ್ಲಿ ನಂಟಿನ ಕೊಂಡಿ ಕಳಚಿದ ಸ್ಥಿತಿಯಾಗಿತ್ತು. ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಬಾಲೆಯೊಬ್ಬಳನ್ನು ಕುರಿತು ರಾಬರ್ಟ್‌ಸನ್ ಅವರು 1952ರಲ್ಲಿ ಚಲನಚಿತ್ರವೊಂದನ್ನು ಸಿದ್ಧಪಡಿಸಿ ವೈದ್ಯರ ಸಭೆಯಲ್ಲಿ ತೋರಿಸಿದಾಗ ದೊಡ್ಡ ಕೋಲಾಹಲವೇ ಆಯಿತು. ಬೋಲ್ಬಿಯವರು ಅವರ ಬೆಂಬಲಕ್ಕೆ ನಿಂತರು. ಕಡೆಗೆ 1959ರಲ್ಲಿ ಸರ್ಕಾರದ ಪ್ಲಾಟ್ ಸಮಿತಿಯು, ಮಕ್ಕಳನ್ನು ಕಾಣಲು ತಂದೆತಾಯಿಗಳಿಗೆ ನಿರ್ಬಂಧವಿರಕೂಡದೆಂದೂ, ಸಾಧ್ಯವಾದೆಡೆ ತಾಯಿಯೂ ಜೊತೆಗಿರಲೆಂದೂ ಶಿಫಾರಸು ಮಾಡಿತು. ರೋಗಿಯ ಮಂಚದ ಪಕ್ಕದಲ್ಲಿ ಚಾಪೆ ಹಾಸಿ ಮಲಗುವ ತಾಯಂದಿರನ್ನು ಕಂಡಿರುವ ನಮಗೆ ಇದು ಸಹಜವೆನಿಸಬಹುದು. ಆ ನಾಡಿನಲ್ಲಿ ಅದನ್ನು ಹೋರಾಡಿ ಪಡೆಯಬೇಕಾಯಿತು.

ಯುದ್ಧದಿಂದ ನಿರ್ಗತಿಕರಾದ ಮಕ್ಕಳ ಸ್ಥಿತಿಗತಿಯನ್ನು ಅರಿಯಲು ವಿಶ್ವ ಆರೋಗ್ಯ ಸಂಸ್ಥೆಯು 1950ರಲ್ಲಿ ಬೋಲ್ಬಿಯವರನ್ನು ನೇಮಿಸಿತು. ಅವರು ಯೂರೋಪಿನ ಕೆಲವು ದೇಶಗಳಲ್ಲಿಯೂ ಅಮೆರಿಕದಲ್ಲಿಯೂ ಸಂಚರಿಸಿ, ತಜ್ಞರೊಡನೆ ಚರ್ಚಿಸಿ, 1951ರಲ್ಲಿ ವರದಿಯನ್ನು ಒಪ್ಪಿಸಿದರು. ಅದು ಹದಿನಾಲ್ಕು ಭಾಷೆಗಳಿಗೆ ಅನುವಾದವಾಯಿತು. ಶೈಶವದಲ್ಲಿ ತಾಯಿಯ ಅಥವಾ ತಾಯಿಯ ಸ್ಥಾನದಲ್ಲಿ ನಿಂತವರ ಅವಿಚ್ಛಿನ್ನವಾದ ವಾತ್ಸಲ್ಯವು ಮನಸ್ಸಿನ ಆರೋಗ್ಯಕ್ಕೆ ಅವಶ್ಯವೆಂಬುದೇ ಅದರ ತಿರುಳು. ಬಡತನದ ಕಾರಣಕ್ಕೆ ಮಗುವನ್ನು ತೆಗೆದುಕೊಂಡು ಸಂಸ್ಥೆಗೆ ಸೇರಿಸುವುದಕ್ಕಿಂತ, ಆ ಕುಟುಂಬಕ್ಕೇ ನೆರವು ನೀಡಿ ಮಗುವನ್ನು ಮನೆಯಲ್ಲಿ ಉಳಿಸುವುದು ಲೇಸೆಂದು ಅವರು ಸಾರಿದರು. ಅನಿವಾರ್ಯವಾದರೆ ಸಂಸ್ಥೆಗಳು ಚಿಕ್ಕವಾಗಿರಲಿ, ಮನೆಯನ್ನು ಹೋಲಲಿ ಎಂದರು.

ಬೋಲ್ಬಿಯವರ ಹಿರಿಮೆಯು ಅವರ ಸತ್ಯನಿಷ್ಠೆಯಲ್ಲಿದೆ. ನಾಲ್ಕು ವರ್ಷ ತುಂಬುವ ಮೊದಲೇ ಕ್ಷಯರೋಗದ ಆರೋಗ್ಯಧಾಮದಲ್ಲಿ ದಿನ ಕಳೆದಿದ್ದ 60 ಮಕ್ಕಳನ್ನು ಮುಂದೆ ಪರೀಕ್ಷಿಸಿದಾಗ, ಅವರಲ್ಲಿ ಬಹುಮಂದಿ ತಾವು ಭಯಪಟ್ಟಷ್ಟು ಕೆಟ್ಟಿರಲಿಲ್ಲವೆಂಬುದು ಕಂಡುಬಂದಿತು. ಅಗಲಿಕೆಯ ಪರಿಣಾಮವನ್ನು ತಾವು ಅತಿಯಾಗಿ ಹೇಳಿದ್ದುಂಟೆಂದು 1956ರಲ್ಲಿ ಸಹೋದ್ಯೋಗಿಗಳೊಡನೆ ಅವರು ಬಹಿರಂಗವಾಗಿ ಒಪ್ಪಿದರು. ಕೋನ್ರಾಡ್ ಲೊರೆನ್ಸ್ ಅವರ ಬಾತುಮರಿಗಳ ಅಧ್ಯಯನ, ಹ್ಯಾರಿ ಹಾರ್ಲೊ ಅವರ ಕೋತಿಮರಿಗಳ ಪ್ರಯೋಗ ಇವುಗಳಿಂದ ಬೆಳಕು ಪಡೆದು, ಶಿಶುವು ತಾಯಿಯನ್ನು ಅಂಟಿಕೊಳ್ಳುವುದು ಕೇವಲ ಹಾಲಿಗಾಗಿ ಅಲ್ಲ, ರಕ್ಷಣೆಗಾಗಿ ಎಂದು ಪ್ರತಿಪಾದಿಸಿದರು. ಹಾಲೂಡಿಸುವ ತಂತಿಯ ಗೊಂಬೆಗಿಂತ ಮೆತ್ತನೆಯ ಬಟ್ಟೆಯ ಗೊಂಬೆಯನ್ನೇ ಕೋತಿಮರಿಗಳು ಅಪ್ಪಿಕೊಂಡಿದ್ದವಲ್ಲವೆ? ಅವರೊಡನೆ ದುಡಿದ ಮೇರಿ ಐನ್ಸ್‌ವರ್ತ್ ಅವರು ಉಗಾಂಡದ ಹಳ್ಳಿಗಳಲ್ಲಿಯೂ ಅಮೆರಿಕದ ಬಾಲ್ಟಿಮೋರಿನಲ್ಲಿಯೂ ತಾಯಿಮಕ್ಕಳನ್ನು ಮನೆಯಲ್ಲೇ ಕಂಡು ಈ ಸಿದ್ಧಾಂತಕ್ಕೆ ಆಧಾರ ಒದಗಿಸಿದರು. ನಂಬಿಕೆಯುಳ್ಳ ಮಗುವು ತಾಯಿಗೆ ಅಂಟಿಯೇ ಇರುವುದಿಲ್ಲ; ಹಿಂದಿರುಗಿದರೆ ಆಸರೆಯುಂಟೆಂಬ ಧೈರ್ಯದಿಂದಲೇ ಅದು ಲೋಕವನ್ನು ನೋಡಲು ಹೊರಡುತ್ತದೆ. ಅನುಬಂಧ, ಅಗಲಿಕೆ, ವಿಯೋಗ ಈ ಮೂರನ್ನು ಕುರಿತ ಬೋಲ್ಬಿಯವರ ಮೂರು ಬೃಹತ್ ಸಂಪುಟಗಳು 1969, 1973 ಮತ್ತು 1980ರಲ್ಲಿ ಹೊರಬಂದವು.

ಅವರ ಮಾತನ್ನು ಎಲ್ಲರೂ ಒಪ್ಪಿದರೆಂದಲ್ಲ. ಮಕ್ಕಳ ಮನೋವೈದ್ಯ ಮೈಕೆಲ್ ರಟ್ಟರ್ ಅವರು 1972ರಲ್ಲಿ, ಅಗಲಿಕೆಯೊಂದೇ ಕಾರಣವಲ್ಲ, ಮನೆಯ ಕಲಹ, ಎಂದೂ ನಂಟೇ ಬೆಳೆಯದಿರುವುದು ಇವೂ ಕಾರಣವೆಂದು ತೋರಿಸಿದರು. ತಂದೆ ಮೊದಲಾದ ಇತರರ ಪ್ರೀತಿಯೂ ಮಗುವನ್ನು ಕಾಯಬಲ್ಲುದೆಂದರು. ಹೊರಗೆ ದುಡಿಯುವ ತಾಯಂದಿರ ಮೇಲೆ ಹೊರೆ ಹೊರಿಸಿದರೆಂಬ ಟೀಕೆಯೂ ಬಂದಿತು. ಈ ತಿದ್ದುಪಡಿಗಳಿಂದ ಮೂಲ ಸತ್ಯವು ಅಳಿಯಲಿಲ್ಲ, ಸ್ಫುಟಗೊಂಡಿತು. 1972ರಲ್ಲಿ ನಿವೃತ್ತರಾದ ಬೋಲ್ಬಿಯವರು ಬರೆವಣಿಗೆಯನ್ನು ಬಿಡದೆ, ಚಾರ್ಲ್ಸ್ ಡಾರ್ವಿನ್ನರ ಜೀವನಚರಿತ್ರೆಯನ್ನು ರಚಿಸಿ, 1990ರ ಸೆಪ್ಟೆಂಬರ್ 2ರಂದು ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ತಮ್ಮ 83ನೆಯ ವಯಸ್ಸಿನಲ್ಲಿ ಕಾಲವಶರಾದರು.

ಏಳೆಂಟು ವರ್ಷದ ಎಳೆಯರನ್ನು ವಸತಿ ಶಾಲೆಗೆ ಅಟ್ಟುವ ತಮ್ಮ ವರ್ಗದ ರೂಢಿಯನ್ನು ಬೋಲ್ಬಿಯವರು ಕಟುವಾಗಿ ಖಂಡಿಸುತ್ತಿದ್ದರೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ. ಅಲ್ಲಿನ ಸಿರಿವಂತರು ಪ್ರತಿಷ್ಠೆಗಾಗಿ ಕಳುಹಿಸಿದರು. ನಮ್ಮ ಬಡವರು ಅನ್ಯಮಾರ್ಗವಿಲ್ಲದೆ ಕಳುಹಿಸಿದರು. ಕಾರಣ ಬೇರೆಯಾದರೂ ರಾತ್ರಿ ದೀಪ ಆರಿದ ಮೇಲೆ ಚಾಪೆಯ ಮೇಲೆ ಮಲಗಿದ ಮಗುವಿನ ಅಳಲು ಬೇರೆಯಲ್ಲ. ಆದ್ದರಿಂದ ತೀರ ಎಳೆಯರನ್ನು ಸೇರಿಸಿಕೊಳ್ಳುವ ಮುನ್ನ ನಾವು ಆಲೋಚಿಸಬೇಕು. ಸೇರಿಸಿಕೊಂಡ ಮೇಲೆ, ಹೆಸರು ಹಿಡಿದು ಕರೆಯುವ, ವರ್ಷದಿಂದ ವರ್ಷಕ್ಕೆ ಬದಲಾಗದ ಒಬ್ಬ ಹಿರಿಯರು ಪ್ರತಿಯೊಂದು ಮಗುವಿಗೂ ಇರಬೇಕು. ಊರಿನಿಂದ ಬಂದ ತಾಯಿಗೆ ಬಾಗಿಲು ತೆರೆದಿರಬೇಕು. ಮೊದಲ ವಾರ ಅಳುವ ಹುಡುಗನಿಗಿಂತ, ಅಳುವುದನ್ನು ಥಟ್ಟನೆ ನಿಲ್ಲಿಸಿ ಮೌನವಾದ ಹುಡುಗನ ಮೇಲೆ ಉಪಾಧ್ಯಾಯರ ಕಣ್ಣು ಹೆಚ್ಚಾಗಿರಬೇಕು. ದಾನಿಗಳು ಕಟ್ಟಡಕ್ಕೆ ಕಲ್ಲು ಕೊಟ್ಟಂತೆಯೇ ಅಂತಹ ನಿಲಯಪಾಲಕರ ಪೋಷಣೆಗೂ ಕೈ ನೀಡಬೇಕು.

ಅನ್ನದಾಸೋಹ, ಜ್ಞಾನದಾಸೋಹಗಳ ಜೊತೆಗೆ ಮಮತೆಯ ದಾಸೋಹವೂ ಸೇರಿದಾಗಲೇ ಪ್ರಸಾದನಿಲಯವು ಮಗುವಿಗೆ ಮನೆಯಾಗುತ್ತದೆ. ಆ ಅರಿವನ್ನು ಶಾಸ್ತ್ರದ ಬಲದಿಂದ ಲೋಕಕ್ಕಿತ್ತ ಡಾ. ಬೋಲ್ಬಿಯವರು ಮಕ್ಕಳ ಸೇವೆಯನ್ನು ಕಾಯಕವೆಂದು ಬಗೆದ ಎಲ್ಲರಿಗೂ ಸ್ಮರಣೀಯರು.