ಹನಿಯೊಳಗೆ ಜೀವ ಹುಡುಕಿದ ಒಪಾರಿನ್

ಜೆಲ್ಲಿಗೆ ಹಾಕೋ ಜೆಲಾಟಿನ್ ಎಲ್ರಿಗೂ ಗೊತ್ತು. ಗಮ್ ಅರೇಬಿಕ್ ಅಂದ್ರೆ ಜಾಲಿ ಜಾತಿಯ ಮರದ ಅಂಟು, ನಮ್ಮಜ್ಜಿಯರು ಬಾಣಂತಿಯರಿಗೆ ಮಾಡುತ್ತಿದ್ದ ಅಂಟಿನುಂಡೆಯ ಅಂಟಿಗೆ ದೂರದ ನೆಂಟ. ಎರಡನ್ನೂ ಬೆಚ್ಚಗಿನ ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ, ಒಟ್ಟಿಗೆ ಬೆರೆಸಿ, ತೊಟ್ಟು ತೊಟ್ಟಾಗಿ ಆಮ್ಲ ಬಿಡುತ್ತಾ ಹೋಗಿ. ಪಿಎಚ್ 4ರ ಆಸುಪಾಸಿಗೆ ಬಂದಾಗ ಹೆಚ್ಚುಕಡಿಮೆ ತಿಳಿಯಾಗಿದ್ದ ದ್ರಾವಣ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಅದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಗುಂಡು ಗುಂಡಗಿನ ಹನಿಗಳು ಕಾಣುತ್ತವೆ. ತೇಲುತ್ತವೆ, ತಾಗುತ್ತವೆ, ಒಂದರೊಳಗೊಂದು ಸೇರಿಬಿಡುತ್ತವೆ. ಯಾರೂ ಹೇಳದಿದ್ದರೆ ಜೀವಕೋಶ ಅಂತಲೇ ಲ್ಯಾಬ್ ರೆಕಾರ್ಡಿನಲ್ಲಿ ಬರೆದುಬಿಡ್ತೀವಿ.

ಇವುಗಳಿಗೆ ಕೊಯಾಸರ್ವೇಟ್ ಎಂದು ಹೆಸರು. 1929ರಲ್ಲಿ ಹೆಸರಿಟ್ಟವರಲ್ಲಿ ಒಬ್ಬ ಡಚ್ ರಸಾಯನಶಾಸ್ತ್ರಜ್ಞ ಬಂಗೆನ್‌ಬರ್ಗ್ ಡಿ ಯೋಂಗ್. ಆದರೆ ಈ ಹನಿಗಳ ಬೆನ್ನು ಹತ್ತಿ ಜೀವಮಾನ ಕಳೆದವನು ರಷ್ಯಾದ ಅಲೆಕ್ಸಾಂಡರ್ ಇವಾನೊವಿಚ್ ಒಪಾರಿನ್. ಜೀವದ ಹುಟ್ಟಿನ ಬಗ್ಗೆ ಯಾವ ಪುಸ್ತಕ ತೆಗೆದರೂ ಮೊದಲ ಪುಟಗಳಲ್ಲೇ ಇವನ ಹೆಸರು ಸಿಗುತ್ತದೆ. ಅವನ ಬದುಕಿನ ಇನ್ನೊಂದು ಭಾಗವನ್ನು ಮಾತ್ರ ಆ ಪುಸ್ತಕಗಳು ಸಾಮಾನ್ಯವಾಗಿ ಹಾರಿಸಿಬಿಡುತ್ತವೆ.

ಹುಟ್ಟಿದ್ದು 1894ರಲ್ಲಿ, ವೋಲ್ಗಾ ನದಿಯ ದಡದ ಊಗ್ಲಿಚ್ ಪಟ್ಟಣದ ಹತ್ತಿರ. ಹಳ್ಳಿಯಲ್ಲಿ ಹೈಸ್ಕೂಲ್ ಇರಲಿಲ್ಲವೆಂದು ಹುಡುಗನಿಗೆ ಒಂಬತ್ತು ವರ್ಷವಾದಾಗ ಇಡೀ ಸಂಸಾರ ಮಾಸ್ಕೋಗೆ ಬಂತು. 1917ರಲ್ಲಿ, ಅಂದರೆ ಕ್ರಾಂತಿಯ ವರ್ಷದಲ್ಲೇ, ಮಾಸ್ಕೋ ವಿಶ್ವವಿದ್ಯಾಲಯದಿಂದ ಪದವಿ ಪಡೆದ. ಓದಿದ್ದು ಸಸ್ಯಗಳ ಬಗ್ಗೆ. ಹೊಟ್ಟೆಪಾಡಿನ ಕೆಲಸವೂ ಅದಕ್ಕೆ ತಕ್ಕಂತೆ ಚಹಾ, ಸಕ್ಕರೆ, ಬ್ರೆಡ್ಡು ಇವುಗಳ ತಯಾರಿಯಲ್ಲಿ ಎಂಜೈಮುಗಳ ಪಾತ್ರ ಏನು ಅನ್ನೋದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅಪ್ಪಟ ಇಂಡಸ್ಟ್ರಿಯಲ್ ಬಯೋಕೆಮಿಸ್ಟ್ರಿ.

1924ರಲ್ಲಿ ಒಂದು ಸಣ್ಣ ಪುಸ್ತಿಕೆ ಬರೆದ. ಜೀವ ಜೀವದಿಂದಲೇ ಬರುತ್ತದೆ ಎಂದು ಪಾಶ್ಚರ್ ತೋರಿಸಿಕೊಟ್ಟಾಗಿತ್ತು. ಹಾಗಿದ್ರೆ ಮೊದಲನೆಯದು ಎಲ್ಲಿಂದ ಬಂತು? ಒಪಾರಿನ್ ವಾದ ಇಷ್ಟು: ಆಗಿನ ಭೂಮಿ ಈಗಿನ ಭೂಮಿಯಲ್ಲ, ಇಂಗಾಲದ ಸಂಯುಕ್ತಗಳು ತಾವಾಗಿ ಉಂಟಾಗಿ, ಸಮುದ್ರದಲ್ಲಿ ಸೇರಿ, ನಿಧಾನಕ್ಕೆ ಜಟಿಲವಾಗುತ್ತಾ ಹೋದವು. ಇದಕ್ಕೆ ಹಿಡಿದದ್ದು ಕೋಟಿಗಟ್ಟಲೆ ವರ್ಷ. 1929ರಲ್ಲಿ ಇಂಗ್ಲೆಂಡಿನ ಹಾಲ್ಡೇನ್ ಇವನ ಪುಸ್ತಿಕೆ ಓದದೆಯೇ ಹೆಚ್ಚುಕಡಿಮೆ ಇದನ್ನೇ ಬರೆದ.

ಆದರೆ ಸಮುದ್ರ ಬಹಳ ದೊಡ್ಡದು. ಅಷ್ಟು ನೀರಿನಲ್ಲಿ ಚದುರಿದ ಅಣುಗಳು ಪರಸ್ಪರ ಸಿಗುವುದಾದರೂ ಹೇಗೆ? ಇಲ್ಲಿ ಡಿ ಯೋಂಗ್‌ನ ಹನಿಗಳು ಕೆಲಸಕ್ಕೆ ಬಂದವು. ಧನ ಆವೇಶದ ಒಂದು ದೊಡ್ಡ ಅಣು, ಋಣ ಆವೇಶದ ಇನ್ನೊಂದು, ಎರಡೂ ಸೆಳೆದುಕೊಂಡು ನೀರಿನಿಂದ ಬೇರೆಯಾಗಿ ದಟ್ಟವಾದ ಹನಿ ಕಟ್ಟುತ್ತವೆ. ಪೊರೆ ಇಲ್ಲ, ಆದರೂ ಒಳಗೆ ಹೊರಗೆ ಅನ್ನೋದು ಹುಟ್ಟುತ್ತದೆ. ಸುತ್ತಲಿನ ನೀರಿನಲ್ಲಿ ಕರಗಿದ ಕೆಲವು ವಸ್ತುಗಳನ್ನು ಹನಿ ತನ್ನೊಳಗೆ ಎಳೆದುಕೊಳ್ಳುತ್ತದೆ. 1936ರ ದೊಡ್ಡ ಪುಸ್ತಕದಲ್ಲಿ ಒಪಾರಿನ್ ಇದನ್ನೇ ಮೊದಲ ಜೀವಕೋಶದ ಕಡೆಗಿನ ಮೆಟ್ಟಿಲು ಎಂದು ಮುಂದಿಟ್ಟ. ಎರಡು ವರ್ಷದಲ್ಲಿ ಅದು ಇಂಗ್ಲಿಷಿಗೂ ಬಂತು.

ಮುಂದೆ ತನ್ನ ಲ್ಯಾಬಿನಲ್ಲಿ ಅವನು ಮಾಡಿಸಿದ ಪ್ರಯೋಗಗಳಲ್ಲಿ ಒಂದು ನನಗೆ ತುಂಬಾ ಇಷ್ಟ. ಹನಿಯೊಳಗೆ ಫಾಸ್ಫೊರಿಲೇಸ್ ಎಂಜೈಮ್ ಸೇರಿಸಿ, ಹೊರಗಿನ ನೀರಿಗೆ ಗ್ಲೂಕೋಸ್ ಫಾಸ್ಫೇಟ್ ಹಾಕಿದರು. ಅದು ಹನಿಯೊಳಗೆ ನುಗ್ಗಿ ಪಿಷ್ಟವಾಯಿತು, ಹನಿ ದಪ್ಪವಾಯಿತು. ಪಿಷ್ಟ ಒಡೆಯುವ ಅಮೈಲೇಸನ್ನೂ ಸೇರಿಸಿದಾಗ ಪಿಷ್ಟ ಮಾಲ್ಟೋಸ್ ಆಗಿ ಹೊರಗೆ ಹೋಯಿತು. ತಿಂದಿತು, ಬೆಳೆಯಿತು, ವಿಸರ್ಜಿಸಿತು! ಎಂಜೈಮುಗಳನ್ನು ಬದುಕಿರುವ ಜೀವಿಗಳಿಂದಲೇ ಕಡ ತಂದಿದ್ದರು ಅನ್ನೋದು ನಿಜ. ಆದರೂ ಇನ್‌ಪುಟ್, ಪ್ರೊಸೆಸ್, ಔಟ್‌ಪುಟ್ ಮೂರೂ ಇರುವ ಒಂದು ಹನಿಯನ್ನು ಕೈಯಾರೆ ಕಟ್ಟಿದ್ದರು.

ಇಲ್ಲದ್ದು ಒಂದೇ: ಮೆಮೊರಿ. ಹನಿ ಒಡೆದು ಎರಡಾದರೆ ತಾಯಿಹನಿಯ ಗುಣ ಮರಿಹನಿಗೆ ಹೋಗುತ್ತೆ ಅನ್ನೋ ಖಾತ್ರಿ ಇಲ್ಲ. ಜೀವ ಶುರುವಾಗಿದ್ದೇ ವಂಶವಾಹಿಯಿಂದ ಎಂದು ಅಮೆರಿಕದ ಮುಲ್ಲರ್ ವಾದಿಸುತ್ತಿದ್ದ. ಒಪಾರಿನ್ ಬಹಳ ಕಾಲ ಅದನ್ನು ಒಪ್ಪಲಿಲ್ಲ.

ಒಪ್ಪದಿರಲು ವಿಜ್ಞಾನದ ಕಾರಣಗಳಿದ್ದವು. ಆದರೆ ಆ ಕಾಲದ ಸೋವಿಯತ್ ದೇಶದಲ್ಲಿ ವಂಶವಾಹಿ ಅನ್ನೋ ಪದವೇ ಅಪಾಯ. ತಳಿವಿಜ್ಞಾನಿ ವಾವಿಲೊವ್ 1943ರಲ್ಲಿ ಜೈಲಿನಲ್ಲೇ ಸತ್ತಿದ್ದ. 1948ರಲ್ಲಿ ಲೈಸೆಂಕೊ ಸ್ಟಾಲಿನ್ ಬೆಂಬಲದಿಂದ ತಳಿವಿಜ್ಞಾನವನ್ನೇ ನಿಷೇಧಿಸುವಂತೆ ಮಾಡಿದ. ಎಷ್ಟೋ ಜನ ಕೆಲಸ ಕಳೆದುಕೊಂಡರು. ಆ ಹೊತ್ತಿನಲ್ಲಿ ಒಪಾರಿನ್ ಲೈಸೆಂಕೊ ಪರ ನಿಂತ. ವಿಜ್ಞಾನ ಅಕಾಡೆಮಿಯ ಜೀವವಿಜ್ಞಾನ ವಿಭಾಗದ ಮುಖ್ಯಸ್ಥನ ಕುರ್ಚಿಯೂ ಸಿಕ್ಕಿತು.

ಲೆಪೆಶಿನ್ಸ್‌ಕಾಯ ಎಂಬ ಹಳೆಯ ಬೊಲ್ಶೆವಿಕ್ ಮಹಿಳೆ ಮೊಟ್ಟೆಯ ಹಳದಿ ಲೋಳೆಯಂಥ ಕೋಶವಿಲ್ಲದ ವಸ್ತುವಿನಿಂದ ಜೀವಕೋಶಗಳು ಈಗಲೂ ತಾವಾಗಿ ಹುಟ್ಟುತ್ತವೆ ಎಂದು ಸಾರಿದಳು. 1950ರಲ್ಲಿ ಆಕೆಗೆ ಸ್ಟಾಲಿನ್ ಪ್ರಶಸ್ತಿ ಬಂತು. ಒಪಾರಿನ್ ಅದನ್ನೂ ಸಾರ್ವಜನಿಕವಾಗಿ ಹೊಗಳಿದ. ಒಂದು ಕ್ಷಣ ಯೋಚಿಸಿ. ಕೋಶ ಹುಟ್ಟಲು ಯುಗಗಳೇ ಬೇಕು, ಇವತ್ತಿನ ಭೂಮಿಯಲ್ಲಿ ಅದು ಆಗದು ಎಂದು ಕಾಲು ಶತಮಾನ ವಾದಿಸಿದವನು, ತನ್ನ ಸಿದ್ಧಾಂತವನ್ನೇ ಸುಳ್ಳು ಮಾಡುವ ಮಾತಿಗೆ ಚಪ್ಪಾಳೆ ತಟ್ಟಿದ. ಹೆದರಿಕೆಯೋ, ನಂಬಿಕೆಯೋ, ಕುರ್ಚಿಯ ಆಸೆಯೋ? ಹೆದರಿಕೆ ಇದ್ದವರು ಬಾಯಿ ಮುಚ್ಚಿಕೊಂಡಿರಬಹುದಿತ್ತು, ಹಾಗೆ ಸುಮ್ಮನಿದ್ದವರೂ ಇದ್ದರು. ಇವನು ಮಾತಾಡಿದ. ನನಗೆ ಚುಚ್ಚುವುದು ಅದೇ.

1955ರಲ್ಲಿ ಸುಮಾರು 300 ವಿಜ್ಞಾನಿಗಳು ಲೈಸೆಂಕೊ ವಿರುದ್ಧ ಪತ್ರಕ್ಕೆ ಸಹಿ ಹಾಕಿದರು. ಆ ಹೊತ್ತಿಗೆ ಒಪಾರಿನ್ ಕೈಯಿಂದ ವಿಭಾಗದ ಕುರ್ಚಿಯೂ ಜಾರಿತು. ಮಾಸ್ಕೋದ ಬಾಖ್ ಜೀವರಸಾಯನ ಸಂಸ್ಥೆಯ ನಿರ್ದೇಶಕನಾಗಿ ಮಾತ್ರ ಕೊನೆಯವರೆಗೂ ಉಳಿದ.

ಸೋಜಿಗ ಏನಂದ್ರೆ, ಹೊರದೇಶದಲ್ಲಿ ಅವನ ಹೆಸರು ಆಗಲೇ ಏರುತ್ತಿತ್ತು. 1953ರಲ್ಲಿ ಷಿಕಾಗೋದ ಸ್ಟ್ಯಾನ್ಲಿ ಮಿಲ್ಲರ್ ಮೀಥೇನ್, ಅಮೋನಿಯ, ಜಲಜನಕ, ನೀರಾವಿಯ ಮಿಶ್ರಣದಲ್ಲಿ ವಿದ್ಯುತ್ ಕಿಡಿ ಹಾರಿಸಿ ಅಮೈನೋ ಆಮ್ಲ ಪಡೆದ. ಜೀವದ ಹುಟ್ಟಿನ ಬಗ್ಗೆ 1957ರಲ್ಲಿ ಒಪಾರಿನ್ ಮಾಸ್ಕೋದಲ್ಲಿ ಅಂತಾರಾಷ್ಟ್ರೀಯ ಸಮ್ಮೇಳನ ನಡೆಸಿದಾಗ ಮಿಲ್ಲರನೂ ಬಂದಿದ್ದ. 1963ರಲ್ಲಿ ಫ್ಲಾರಿಡಾದ ಸಮ್ಮೇಳನದಲ್ಲಿ ಒಪಾರಿನ್, ಹಾಲ್ಡೇನ್ ಭೇಟಿಯಾದರು. ಈ ವಿಚಾರ ಮೊದಲು ಹೇಳಿದ್ದು ಒಪಾರಿನ್ ಎಂದು ಹಾಲ್ಡೇನ್ ತಕರಾರಿಲ್ಲದೆ ಒಪ್ಪಿಕೊಂಡ. ಅಷ್ಟರಲ್ಲಿ ಹಾಲ್ಡೇನ್ ಭಾರತದ ಪ್ರಜೆಯಾಗಿದ್ದ. ಮರುವರ್ಷ ಭುವನೇಶ್ವರದಲ್ಲಿ ತೀರಿಕೊಂಡ. ಒಪಾರಿನ್‌ಗೂ ಒಡಿಶಾದ ಒಂದು ನಂಟು ಇದೆ: ಬಿಜು ಪಟ್ನಾಯಕ್ ಕೊಟ್ಟ ಹಣದಿಂದ ಶುರುವಾದ ಯುನೆಸ್ಕೋದ ಕಳಿಂಗ ಪ್ರಶಸ್ತಿ 1976ರಲ್ಲಿ ಅವನಿಗೆ ಬಂತು.

1980ರ ಏಪ್ರಿಲಿನಲ್ಲಿ ಅವನು ಸತ್ತಾಗ ಕೊಯಾಸರ್ವೇಟ್ ಹಳೇ ಕಾಲದ ಮಾತಾಗಿತ್ತು. ಎಲ್ಲರ ಕಣ್ಣು ಡಿಎನ್ಎ ಮೇಲೆ, ಕೊಬ್ಬಿನ ಪೊರೆಯ ಲೈಪೊಸೋಮುಗಳ ಮೇಲೆ. ಆಮೇಲೆ 2009ರಲ್ಲಿ ಒಂದು ಸಣ್ಣ ಹುಳುವಿನ ಕೋಶದೊಳಗಿನ ಪಿ ಗ್ರಾನ್ಯೂಲ್ ಎಂಬ ಕಣಗಳು ಪೊರೆಯಿಲ್ಲದ ದ್ರವದ ಹನಿಗಳಂತೆ ವರ್ತಿಸುತ್ತವೆ, ತಾಗಿದರೆ ಒಂದಾಗುತ್ತವೆ ಎಂದು ಬ್ರ್ಯಾಂಗ್‌ವಿನ್, ಹೈಮನ್ ಮತ್ತು ಜೊತೆಗಾರರು ತೋರಿಸಿದರು. ಕೃತಕ ಕೋಶ ಕಟ್ಟಲು ಹೊರಟವರು ಮತ್ತೆ ಹನಿಗಳಿಗೆ ಎಂಜೈಮ್ ತುಂಬುತ್ತಿದ್ದಾರೆ, ಈ ಸಲ ಆರ್‌ಎನ್ಎ ಜೊತೆಗೆ.